ಪಾಠ ಹಿಡಿಸದಿದ್ದರೆ ವಿಷಯವನ್ನೇ ಬಿಡಬೇಕೆ?

ಬಾಳೆಹೊನ್ನೂರು: ಪದವಿ ತರಗತಿಗಳು ಆರಂಭವಾಗಿ ಎರಡು-ಮೂರು ವಾರ ಕಳೆಯುವಷ್ಟರಲ್ಲಿ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ವಿಷಯದ ಪಾಠ ತಲೆಗೆ ಹತ್ತುತ್ತಿಲ್ಲ. ಅಧ್ಯಾಪಕರು ನೋಟ್ಸ್ ಬರೆಸುವುದರಲ್ಲೇ ಅವಧಿ ಮುಗಿಸುತ್ತಾರೆ ಅಥವಾ ತರಗತಿಗೇ ಬರುವುದಿಲ್ಲ. ಆ ವಿಷಯವನ್ನು ಬಿಡುವುದೇ, ಸಹಿಸಿಕೊಳ್ಳುವುದೇ?

ರಂಭಾಪುರಿ ಪೀಠ ಹಾಗೂ ಕಾಫಿ ಸಂಶೋಧನಾ ಕೇಂದ್ರದಿಂದ ನಾಡಿಗೆ ಪರಿಚಿತವಾದ ಬಾಳೆಹೊನ್ನೂರಿನ ಸುತ್ತಮುತ್ತ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಭಾಗದ ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ಸಣ್ಣ ಕಾಲೇಜುಗಳಲ್ಲಿ ಒಂದು ವಿಷಯಕ್ಕೆ ಒಬ್ಬರೇ ಅಧ್ಯಾಪಕರಿರುವುದು ಸಾಮಾನ್ಯ. ನಗರಗಳಲ್ಲಿರುವಂತೆ ಪಕ್ಕದ ವಿಭಾಗಕ್ಕೆ ಹೋಗಿ ಕುಳಿತುಕೊಳ್ಳುವ ಅವಕಾಶ ಇಲ್ಲಿಲ್ಲ. ಬೇರೆ ಕಾಲೇಜೆಂದರೆ ಘಟ್ಟದ ದಾರಿಯಲ್ಲಿ, ಮಳೆಗಾಲದ ಬಸ್ಸಿನಲ್ಲಿ ನಿತ್ಯದ ಪ್ರಯಾಣ, ಇಲ್ಲವೇ ಹಾಸ್ಟೆಲ್ ವಾಸ.

ಬಿಡುವುದು ಎಂದರೇನು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಿಗದಿತ ದಿನಾಂಕದೊಳಗೆ ಒಂದು ಪತ್ರಿಕೆಯನ್ನು ಕೈಬಿಟ್ಟು ಮತ್ತೊಂದನ್ನು ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಆ ಸ್ವಾತಂತ್ರ್ಯ ಬಹಳ ಸೀಮಿತ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಜಾರಿಗೊಳಿಸಿದ್ದ ರಾಜ್ಯ ಸರ್ಕಾರ, 2024-25ರಿಂದ ಮೂರು ವರ್ಷಗಳ ಪದವಿ ವ್ಯವಸ್ಥೆಗೆ ಮರಳಿತು. ಐಚ್ಛಿಕ ಪತ್ರಿಕೆಗಳಲ್ಲಿ ಆಯ್ಕೆ ಇದ್ದರೂ ಪ್ರಧಾನ ವಿಷಯಗಳು ಪ್ರವೇಶದ ವೇಳೆಯಲ್ಲೇ ನಿರ್ಧಾರವಾಗುತ್ತವೆ. ಅವನ್ನು ಬದಲಿಸಲು ಆರಂಭದ ಕೆಲವು ವಾರಗಳಲ್ಲಿ ಮಾತ್ರ ಅವಕಾಶ ದೊರೆಯಬಹುದು. ಅದಕ್ಕೆ ಪ್ರಾಂಶುಪಾಲರ ಒಪ್ಪಿಗೆಯೂ ವಿಶ್ವವಿದ್ಯಾಲಯದ ನಿಯಮವೂ ಅನುಕೂಲವಾಗಿರಬೇಕು. ಆದ್ದರಿಂದ ಮೊದಲು ಕಾಲೇಜು ಕಚೇರಿಯಲ್ಲಿ ಕೊನೆಯ ದಿನಾಂಕ ವಿಚಾರಿಸುವುದು ಅಗತ್ಯ.

ಮೂರು ಪ್ರಶ್ನೆಗಳು

ಮೊದಲನೆಯದು, ದೋಷ ನಿಜವಾಗಿಯೂ ಅಧ್ಯಾಪಕರದೇ? ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪಾಠ ಆರಂಭದಲ್ಲಿ ಕಠಿಣವಾಗುವುದು ಸಹಜ. ಒಂದು ಅಧ್ಯಾಯವನ್ನು ಪಠ್ಯಪುಸ್ತಕದಿಂದ ಸ್ವತಃ ಓದಿ, ಹಳೆಯ ಪ್ರಶ್ನೆಪತ್ರಿಕೆಗೆ ಉತ್ತರಿಸಿ ನೋಡಬೇಕು. ಪುಸ್ತಕ ಅರ್ಥವಾಗಿ ಪಾಠ ಅರ್ಥವಾಗದಿದ್ದರೆ ದೋಷ ಬೋಧನೆಯಲ್ಲಿರಬಹುದು. ಎರಡೂ ಅರ್ಥವಾಗದಿದ್ದರೆ ಅಧ್ಯಾಪಕರು ಬದಲಾದರೂ ಕಷ್ಟ ತಪ್ಪದು.

ಎರಡನೆಯದು, ತೊಂದರೆ ತಾತ್ಕಾಲಿಕವೇ? ಸರ್ಕಾರಿ ಕಾಲೇಜುಗಳ ಬೋಧನೆ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರನ್ನು ಅವಲಂಬಿಸಿದೆ. ಅವರ ನೇಮಕ ತಡವಾದರೆ ಪಾಠವೂ ತಡವಾಗುತ್ತದೆ. 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆಗಾಗಿ ಅವರು ಮುಷ್ಕರ ಹೂಡಿದಾಗ ರಾಜ್ಯದ ಕಾಲೇಜುಗಳಲ್ಲಿ ವಾರಗಟ್ಟಲೆ ತರಗತಿಗಳಿಗೆ ಅಡ್ಡಿಯಾಗಿತ್ತು. ಈ ಸೆಮಿಸ್ಟರಿನ ಅಧ್ಯಾಪಕರೇ ಮುಂದಿನದಕ್ಕೂ ಇರುತ್ತಾರೆಂಬ ಖಾತ್ರಿಯಿಲ್ಲ. ಒಂದು ಸೆಮಿಸ್ಟರಿನ ಬೇಸರಕ್ಕೆ ಮೂರು ವರ್ಷದ ವಿಷಯವನ್ನು ತೊರೆಯುವುದು ದುಬಾರಿಯಾದೀತು.

ಮೂರನೆಯದು, ಬಿಟ್ಟರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ? ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಆ ವಿಷಯವನ್ನು ಪದವಿಯಲ್ಲಿ ಓದಿರಬೇಕು. ಬಿ.ಇಡಿ. ವ್ಯಾಸಂಗದಲ್ಲಿ ಬೋಧನಾ ವಿಷಯಗಳು ನಿರ್ಧಾರವಾಗುವುದೂ ಪದವಿಯ ವಿಷಯಗಳ ಆಧಾರದ ಮೇಲೆಯೇ. ಶಿಕ್ಷಕಿಯಾಗಬೇಕೆಂಬ ಹುಡುಗಿ ಗಣಿತವನ್ನು ಕೈಬಿಟ್ಟರೆ ಗಣಿತ ಶಿಕ್ಷಕಿಯ ಹುದ್ದೆಯನ್ನೂ ಕೈಬಿಟ್ಟಂತೆ. ಅಂತಹ ತೊಡಕಿಲ್ಲದ ಐಚ್ಛಿಕ ಪತ್ರಿಕೆಯಾದರೆ, ಅವಧಿಯೊಳಗೆ ಬದಲಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಉಳಿದುಕೊಂಡರೆ

ಉಳಿಯುವುದೆಂದರೆ ಸುಮ್ಮನಿರುವುದು ಎಂದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಾವಳಿಯಂತೆ ಕಾಲೇಜುಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಗುಣಮಟ್ಟದ ಶಿಕ್ಷಣ ದೊರೆಯದಿರುವುದೂ ಅದರ ವ್ಯಾಪ್ತಿಗೆ ಬರುತ್ತದೆ. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ನೀಡಬೇಕು. ಸಮಾಧಾನವಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಆಂತರಿಕ ಅಂಕಗಳು ಅದೇ ಅಧ್ಯಾಪಕರ ಕೈಯಲ್ಲಿರುವುದರಿಂದ ದೂರು ನೀಡಲು ವಿದ್ಯಾರ್ಥಿಗಳು ಅಂಜುತ್ತಾರೆ. ಈ ಭಯ ನಿರಾಧಾರವೇನಲ್ಲ. ಒಬ್ಬರೇ ಹೋಗುವ ಬದಲು ಹಲವರು ಸಹಿ ಮಾಡಿದ ಮನವಿಯನ್ನು ಪ್ರಾಂಶುಪಾಲರಿಗೆ ಕೊಡುವುದು ಲೇಸು. ಅದರಲ್ಲಿ ವ್ಯಕ್ತಿನಿಂದೆ ಇರಬಾರದು. ನಡೆಯದ ತರಗತಿಗಳ ದಿನಾಂಕ, ಪಠ್ಯಕ್ರಮದಲ್ಲಿ ಮುಗಿದ ಮತ್ತು ಉಳಿದ ಭಾಗಗಳ ವಿವರ ಇರಬೇಕು. ಅದಕ್ಕೂ ಮೊದಲು ಅಧ್ಯಾಪಕರನ್ನೇ ಕಂಡು, 'ಸರ್, ಈ ಭಾಗ ಮತ್ತೊಮ್ಮೆ ಹೇಳಿಕೊಡಿ' ಎಂದು ಕೇಳಿದರೆ ಎಷ್ಟೋ ಸಂದರ್ಭಗಳಲ್ಲಿ ದೂರಿನ ಅಗತ್ಯವೇ ಬೀಳದು.

ಬೋಧನೆಯ ಕೊರತೆ ತುಂಬಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದ ಉಚಿತ ಪಾಠಗಳಿವೆ. ಆದರೆ ಅಲ್ಲಿ ಕಲಿತೆನೆಂದು ತರಗತಿಗೆ ಚಕ್ಕರ್ ಹೊಡೆಯುವಂತಿಲ್ಲ. ಶೇ 75ರ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕುತ್ತು ಬಂದೀತು. ಪಾಠ ಸರಿಯಿಲ್ಲವೆಂದು ತರಗತಿ ತಪ್ಪಿಸುವುದು ಬಿಡುವುದೂ ಅಲ್ಲ, ಉಳಿಯುವುದೂ ಅಲ್ಲ. ನಷ್ಟ ಮಾತ್ರ ವಿದ್ಯಾರ್ಥಿಯದೇ.