ಸಭಾಧ್ಯಕ್ಷರ ಕುರ್ಚಿ, ರಾಣೆಬೆನ್ನೂರಿಗೆ ಎರಡು ಓಟು!

ವಿಧಾನಸಭೆಗೆ ಸಭಾಧ್ಯಕ್ಷರ ಆಯ್ಕೆ ಅಂದ್ರೆ ಐದು ನಿಮಿಷದ ಕೆಲಸ. ಒಬ್ಬರು ಸೂಚಿಸ್ತಾರೆ, ಇನ್ನೊಬ್ಬರು ಅನುಮೋದಿಸ್ತಾರೆ, ಸದನ 'ಹೌದು' ಅಂತದೆ. ಮುಖ್ಯಮಂತ್ರಿಯೂ ವಿರೋಧ ಪಕ್ಷದ ನಾಯಕರೂ ಕರೆದೊಯ್ದು ಕುರ್ಚಿಯಲ್ಲಿ ಕೂಡಿಸುತ್ತಾರೆ. ಆಮೇಲೆ ಹೊಗಳಿಕೆಯ ಭಾಷಣ. ಬ್ಯಾಡಗಿ ಮೆಣಸಿನಕಾಯಿ ಇದ್ದಂಗ: ಬಣ್ಣ ಭಾಳ, ಖಾರ ಕಡಿಮೆ.

ಈ ಮರ್ಯಾದೆ ಹಾವೇರಿ ಜಿಲ್ಲೆಗೂ ಬಂದದ್ದುಂಟು. 2016ರ ಜುಲೈನಲ್ಲಿ ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡರು ಸಭಾಧ್ಯಕ್ಷರಾದರು. 2023ರ ಜುಲೈನಲ್ಲಿ ಹಾವೇರಿ ಶಾಸಕ ರುದ್ರಪ್ಪ ಲಮಾಣಿ ಉಪಸಭಾಧ್ಯಕ್ಷರಾಗಿ ಅವಿರೋಧ ಆಯ್ಕೆಯಾದರು. ಊರವರು ಕೇಳೋದು ಒಂದೇ: ಇದರಿಂದ ನಮಗೇನು ಬಂತು? ಪೀಠದಲ್ಲಿ ಕೂತಷ್ಟು ಹೊತ್ತು ತಮ್ಮ ತಾಲ್ಲೂಕಿನ ರಸ್ತೆ ಕೇಳುವಂತಿಲ್ಲ. ಓಟು ಹಾಕೋದೂ ಎರಡೂ ಕಡೆ ಸಮ ಬಂದಾಗ ಮಾತ್ರ. ಕೋಳಿವಾಡರಂತೂ ಸಭಾಧ್ಯಕ್ಷರಾಗಿದ್ದಾಗಲೇ 2018ರ ಮೇ ಚುನಾವಣೆಯಲ್ಲಿ ಆರ್. ಶಂಕರ್ ಎದುರು ಸೋತರು.

ಹಂಗಂತ ಖಾರವೇ ಇಲ್ಲ ಅಂತಲ್ಲ. ಅದೇ 2018ರಲ್ಲಿ ಅವಿರೋಧವಾಗಿ, ಹಾರೈಕೆಗಳ ನಡುವೆ ಕುರ್ಚಿ ಏರಿದವರು ರಮೇಶ್ ಕುಮಾರ್. 2019ರ ಜುಲೈನಲ್ಲಿ ಅವರು 17 ಶಾಸಕರನ್ನು ಅನರ್ಹಗೊಳಿಸಿದರು. ಇಬ್ಬರು ಈ ಜಿಲ್ಲೆಯವರೇ: ರಾಣೆಬೆನ್ನೂರಿನ ಶಂಕರ್, ಹಿರೇಕೆರೂರಿನ ಬಿ.ಸಿ. ಪಾಟೀಲ್. ಸುಪ್ರೀಂ ಕೋರ್ಟು ನವೆಂಬರ್ 13ರಂದು ಅನರ್ಹತೆ ಎತ್ತಿಹಿಡಿಯಿತು. ಮತ್ತೆ ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧ ಮಾತ್ರ ತೆಗೆಯಿತು.

ಡಿಸೆಂಬರ್ 5ಕ್ಕೆ ಎರಡೂ ಕ್ಷೇತ್ರದ ಜನ ಅಂಗಡಿ, ಹೊಲ ಬಿಟ್ಟು ಮತ್ತೆ ಸರತಿಯಲ್ಲಿ ನಿಂತರು. ಶಾಸಕರಿಗಾಗಿ 19 ತಿಂಗಳಲ್ಲಿ ಎರಡನೇ ಓಟು! ರಾಣೆಬೆನ್ನೂರಿನಲ್ಲಿ ಮಾಜಿ ಸಭಾಧ್ಯಕ್ಷ ಕೋಳಿವಾಡರೂ ಕಣಕ್ಕಿಳಿದಿದ್ದರು. ಗೆದ್ದವರು ಅರುಣಕುಮಾರ ಗುತ್ತೂರ.