ಎಲುಬಿನ ಗಾರೆಯ ದಣಿವು

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೩೫ ಅಡಿ ಎತ್ತರದ ಗೊಮ್ಮಟನು ೧೬೦೪ರಿಂದಲೂ ನಿಂತೇ ಇದ್ದಾನೆ. ಅಷ್ಟು ದೊಡ್ಡ ಶಿಲೆಯ ಭಾರವನ್ನು ಹೊತ್ತ ಆ ಕಾಲುಗಳು ನಾಲ್ಕು ಶತಮಾನ ಕಳೆದರೂ ದಣಿದಿಲ್ಲ. ಅವನು ನಡೆಯುವುದಿಲ್ಲ ಎಂಬುದೇ ಅದಕ್ಕೊಂದು ಮುಖ್ಯ ಕಾರಣ. ಅಲ್ಲಿರುವುದು ಸ್ಥಿರವಾದ ಭಾರ. ಮನುಷ್ಯನ ಕಾಲಿನ ಮೇಲಾದರೋ ಭಾರವು ಹೆಜ್ಜೆಹೆಜ್ಜೆಗೂ ಏರುತ್ತದೆ, ಇಳಿಯುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬದುಕೆಲ್ಲ ಮಂಡಿಯ ಮೇಲೆಯೇ ನಡೆಯುವಂಥದು. ಮನೆ ದಿಣ್ಣೆಯ ಮೇಲೆ, ಅಡಿಕೆಯ ತೋಟ ತಗ್ಗಿನಲ್ಲಿ. ಬೀಡಿ ಕಟ್ಟುವ ಹೆಂಗಸರು ಗಂಟೆಗಟ್ಟಲೆ ಕಾಲು ಮಡಚಿ ಕೂರುತ್ತಾರೆ. ಯಕ್ಷಗಾನದ ಪುಂಡುವೇಷಧಾರಿ ರಂಗಸ್ಥಳದಲ್ಲಿ ದಿಗಿಣದ ಮೇಲೆ ದಿಗಿಣ ಹಾಕುತ್ತಾನೆ. ಇಂಥ ಊರುಗಳಲ್ಲಿ ಸವೆದ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ: “ಹೊಸ ಕೀಲು ಎಷ್ಟು ವರ್ಷ ಬಾಳೀತು?” ಉಳಿತಾಯವೆಲ್ಲ ಅದಕ್ಕೇ ಹೋಗುವ ಮನೆಗಳಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಉತ್ತರದ ಒಂದು ಭಾಗ, ಲೋಹಕ್ಕೂ ಎಲುಬಿಗೂ ನಡುವೆ ತುಂಬುವ ಕೆಲವೇ ಮಿಲಿಮೀಟರು ದಪ್ಪದ ಪದರದಲ್ಲಿದೆ. ಅದರ ಹೆಸರು ಎಲುಬಿನ ಸಿಮೆಂಟು.

ಮನೆ ಕಟ್ಟುವ ಸಿಮೆಂಟಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಇದು ಕಟ್ಟುಹಲ್ಲುಗಳ ತಯಾರಿಕೆಯಲ್ಲಿ ಬಳಕೆಯಲ್ಲಿದ್ದ ಅಕ್ರಿಲಿಕ್ ಜಾತಿಯ ಪ್ಲಾಸ್ಟಿಕ್. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯವರು ೧೯೫೮ರಲ್ಲಿ ಸೊಂಟದ ಕೀಲನ್ನು ನೆಲೆಗೊಳಿಸಲು ಇದನ್ನು ಬಳಸಿ ಹೊಸ ದಾರಿ ತೆರೆದರು. ಶಸ್ತ್ರಕ್ರಿಯೆಯ ಕೊಠಡಿಯಲ್ಲಿಯೇ ಪುಡಿಗೆ ದ್ರವವನ್ನು ಬೆರೆಸುತ್ತಾರೆ. ಅದು ಕಣಕದಂತಾಗಿ, ಬಿಸಿಯಾಗಿ, ಸುಮಾರು ಹತ್ತು ಹದಿನೈದು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಇದು ಅಂಟಲ್ಲ, ಗಾರೆ. ಎಲುಬಿನ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿದು ಕಚ್ಚಿಕೊಳ್ಳುವುದರಿಂದಲೇ ಅದರ ಹಿಡಿತ.

ಒಮ್ಮೆ ಬಗ್ಗಿಸಿದರೆ ಮುರಿಯದ ತಂತಿ, ಅದೇ ಜಾಗದಲ್ಲಿ ಅತ್ತಿತ್ತ ಹಲವು ಸಲ ಬಗ್ಗಿಸಿದರೆ ಮುರಿಯುತ್ತದೆ. ವಸ್ತುವಿಜ್ಞಾನಿಗಳು ಇದನ್ನೇ ದಣಿವು ಎನ್ನುತ್ತಾರೆ. ನಡೆಯುವಾಗ ಸೊಂಟದ ಕೀಲಿನ ಮೇಲೆ ದೇಹತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ; ಎಡವಿದಾಗ ಇನ್ನೂ ಹೆಚ್ಚು. ಸಾಮಾನ್ಯವಾಗಿ ಓಡಾಡುವವರ ಒಂದೊಂದು ಕಾಲೂ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆ ಇಡುತ್ತದೆ. ಈ ಗಾರೆ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಸೆಳೆಯುವ ಭಾರಕ್ಕೆ ದುರ್ಬಲ. ಕಲಸುವಾಗ ಸಿಕ್ಕಿಕೊಂಡ ಗಾಳಿಯ ಗುಳ್ಳೆಯೊಂದರ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಲಕ್ಷಾಂತರ ಹೆಜ್ಜೆಗಳಲ್ಲಿ ಮೆಲ್ಲಮೆಲ್ಲನೆ ಬೆಳೆಯಬಹುದು. ಆದುದರಿಂದಲೇ ಗಾಳಿಯನ್ನು ಹೀರಿ ತೆಗೆದ ಪಾತ್ರೆಯಲ್ಲಿ ಕಲಸುವ ಪದ್ಧತಿ ಬಂದಿತು. ಸೋಂಕು ತಡೆಯಲೆಂದು ಬೆರೆಸುವ ಔಷಧಿಯೂ ಮಿತಿ ಮೀರಿದರೆ ಗಾರೆಯ ಬಲವನ್ನು ಕುಗ್ಗಿಸುತ್ತದೆ.

ಜೀವಂತ ಎಲುಬಿನಲ್ಲಿಯೂ ಇಂಥ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಆದರೆ ಎಲುಬು ಹಳತನ್ನು ಕರಗಿಸಿ ಹೊಸದನ್ನು ಕಟ್ಟುತ್ತ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಗಾರೆಗೆ ಆ ಭಾಗ್ಯವಿಲ್ಲ. ಅದರಲ್ಲಿ ಮೂಡಿದ ಬಿರುಕು ಮಾಯುವುದಿಲ್ಲ.

ಹಾಗೆಂದು ಕೀಲು ಸಡಿಲವಾದಾಗಲೆಲ್ಲ ತಪ್ಪು ಗಾರೆಯದೇ ಎನ್ನಲಾಗದು. ಒಂದು ಕಾಲದಲ್ಲಿ ಇದನ್ನು ‘ಸಿಮೆಂಟಿನ ರೋಗ’ ಎಂದೇ ಕರೆದದ್ದುಂಟು. ಗಾರೆಯಿಲ್ಲದೆ ಕೂರಿಸಿದ ಕೀಲುಗಳ ಸುತ್ತಲೂ ಎಲುಬು ಕರಗಿದ್ದು ಕಂಡಾಗ ಆ ಹೆಸರು ಸರಿಯಲ್ಲವೆಂದು ತಿಳಿಯಿತು. ಪ್ಲಾಸ್ಟಿಕ್ಕಿನ ಒಳಪದರ ಸವೆದು ಉದುರುವ ಕಣಗಳೂ ದೊಡ್ಡ ಅಪರಾಧಿಗಳೇ.

ಇಷ್ಟು ಕೇಳಿ ಅಂಜಬೇಕಾಗಿಲ್ಲ. ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ ೨೦೧೯ರಲ್ಲಿ ಪ್ರಕಟವಾದ ಅಂದಾಜಿನಂತೆ, ಪೂರ್ಣವಾಗಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ೮೨, ಸೊಂಟದ ಕೀಲುಗಳಲ್ಲಿ ನೂರಕ್ಕೆ ೫೮ ಇಪ್ಪತ್ತೈದು ವರ್ಷ ಬಾಳುತ್ತವೆ. ಹೆಜ್ಜೆಗೆ ಹೆದರಿ ಮೂಲೆ ಹಿಡಿಯುವುದು ಜಾಣತನವಲ್ಲ. ನಡೆಯಲೆಂದೇ ಅಲ್ಲವೆ ಈ ಚಿಕಿತ್ಸೆ? ದೇಹದ ತೂಕವನ್ನು ಹತೋಟಿಯಲ್ಲಿಡುವುದು, ಮಳೆಗಾಲದ ಹಾವಸೆಗಟ್ಟಿದ ಅಂಗಳದಲ್ಲಿ ಜಾರದಂತೆ ನಡೆಯುವುದು, ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂರುವ ವಿಷಯದಲ್ಲಿ ವೈದ್ಯರ ಮಾತು ಕೇಳುವುದು, ಇವು ನಮ್ಮ ಕೈಯಲ್ಲಿವೆ. ಸಡಿಲವಾಗತೊಡಗಿದ ಕೀಲು ಮೊದಲಲ್ಲಿ ನೋಯದೆಯೂ ಇರಬಹುದಾದ್ದರಿಂದ, ನೋವಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ಹೋಗಿ ಎಕ್ಸ್‌ರೇ ತೆಗೆಸಿಕೊಳ್ಳಬೇಕು. ತನ್ನ ದಣಿವನ್ನು ತಾನೇ ಹೇಳಲಾರದ ವಸ್ತುವಿನ ಯೋಗಕ್ಷೇಮವನ್ನು ಆಗಾಗ ನಾವೇ ಹೋಗಿ ವಿಚಾರಿಸಬೇಕಷ್ಟೆ.