ನಮ್ಮ ಆಸ್ಪತ್ರೆಗಳು, ನೆರೆನಾಡಿನ ಆಸ್ಪತ್ರೆಗಳು

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ, ಲಕ್ಷ್ಮಣತೀರ್ಥ ನದಿಯ ದಡದಲ್ಲಿ ಹನಗೋಡು ಎಂಬ ಊರಿದೆ. ನದಿಗೆ ಕಟ್ಟಿದ ಅಣೆಕಟ್ಟು, ಅದರ ನಾಲೆಯ ಆಶ್ರಯದಲ್ಲಿ ಬತ್ತದ ಗದ್ದೆ, ಮೇಲುಭೂಮಿಯಲ್ಲಿ ಹೊಗೆಸೊಪ್ಪು, ಅದರಾಚೆ ನಾಗರಹೊಳೆಯ ಕಾಡು, ಕಾಡಿನಂಚಿನಲ್ಲಿ ಜೇನುಕುರುಬರ ಹಾಡಿಗಳು. ಇಂಥದೊಂದು ಹಾಡಿಯಲ್ಲಿ ನಡುರಾತ್ರಿ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತೆಂದು ಭಾವಿಸೋಣ. ಹನಗೋಡಿನಲ್ಲಿ ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರವುಂಟು. ಹುಣಸೂರಿನಲ್ಲಿ ತಾಲ್ಲೂಕು ಆಸ್ಪತ್ರೆಯೂ ಖಾಸಗಿ ವೈದ್ಯರೂ ಉಂಟು. ಅಲ್ಲಿಂದ ಸುಮಾರು 45 ಕಿಲೋಮೀಟರ್ ಆಚೆ ಮೈಸೂರಿನ ದೊಡ್ಡ ಆಸ್ಪತ್ರೆಗಳು. ಆಸ್ಪತ್ರೆಯ ಒಡೆಯರು ಯಾರೆಂದು ಆ ಮನೆಯವರು ಕೇಳುವುದಿಲ್ಲ. ಅವರ ಪ್ರಶ್ನೆಗಳು ಎರಡೇ: ತಲುಪುವುದು ಹೇಗೆ? ಹಣ ತೆರುವವರು ಯಾರು?

ಈ ಎರಡು ಪ್ರಶ್ನೆಗಳಿಗೆ ನಮ್ಮ ನೆರೆಯ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡಿವೆ.

ಶ್ರೀಲಂಕೆಯ ಕಥೆ ಎಲ್ಲಕ್ಕಿಂತ ವಿಚಾರಯೋಗ್ಯವಾದುದು. ಅಲ್ಲಿ ವಯಸ್ಕರೆಲ್ಲರಿಗೂ 1931ರಲ್ಲಿಯೇ ಮತದ ಹಕ್ಕು ದೊರೆಯಿತು. ಮತ ಕೇಳಲು ಬಂದವರನ್ನು ಹಳ್ಳಿಯವರು ಆಸ್ಪತ್ರೆ ಕೇಳತೊಡಗಿದರು. 1934–35ರ ಮಲೇರಿಯಾ ಪಿಡುಗಿನಲ್ಲಿ ಸಹಸ್ರಾರು ಜನ ಸತ್ತ ಬಳಿಕವಂತೂ ಆ ಬೇಡಿಕೆಯನ್ನು ತಳ್ಳಿಹಾಕುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಹಳ್ಳಿಗಾಡಿನಲ್ಲಿ ಸಣ್ಣ ಸಣ್ಣ ಆಸ್ಪತ್ರೆಗಳು ಎದ್ದವು. 1951ರಲ್ಲಿ ಸರ್ಕಾರಿ ಆಸ್ಪತ್ರೆಗಳ ಶುಲ್ಕವೇ ರದ್ದಾಯಿತು. ಹಾಗೆಂದು ಅಲ್ಲಿ ಖಾಸಗಿ ವೈದ್ಯರಿಲ್ಲವೆಂದು ತಿಳಿಯಬಾರದು. ನೆಗಡಿ ಜ್ವರಗಳಿಗೆ ಅನುಕೂಲವಂತರು ಹಣ ಕೊಟ್ಟು ಖಾಸಗಿ ವೈದ್ಯರನ್ನೇ ಕಾಣುತ್ತಾರೆ. ಆದರೆ ಹಾಸಿಗೆ ಹಿಡಿಯುವ ಕಾಯಿಲೆ ಬಂದಾಗ ಬಹುಪಾಲು ಜನರು ಸೇರುವುದು ಸರ್ಕಾರಿ ಆಸ್ಪತ್ರೆಗೆ. ದೊಡ್ಡ ವೆಚ್ಚವನ್ನು ಸರ್ಕಾರವೇ ಹೊತ್ತಿರುವುದರಿಂದ ಮನೆ ಮಾರಿ ಮದ್ದು ಮಾಡಿಸುವ ದುರ್ಗತಿ ಅಲ್ಲಿ ವಿರಳ. ಒಂದು ಲಕ್ಷ ಹೆರಿಗೆಗಳಲ್ಲಿ ಅಲ್ಲಿ ಮಡಿಯುವ ತಾಯಂದಿರ ಸಂಖ್ಯೆ 30ರ ಆಸುಪಾಸಿನಲ್ಲಿದೆ. ಭಾರತದಲ್ಲಿ 2018–20ರ ಲೆಕ್ಕದಂತೆ ಅದು 97.

ಭೂತಾನದ ದಾರಿ ಇನ್ನೂ ನೇರವಾದುದು. ಆಧುನಿಕ ವೈದ್ಯವನ್ನೂ ಪರಂಪರೆಯ ವೈದ್ಯವನ್ನೂ ಉಚಿತವಾಗಿ ನೀಡುವ ಹೊಣೆಯನ್ನು ಆ ದೇಶದ 2008ರ ಸಂವಿಧಾನವೇ ಸರ್ಕಾರದ ಮೇಲೆ ಹೊರಿಸಿದೆ. ತನ್ನಲ್ಲಿ ವಾಸಿಯಾಗದ ರೋಗಿಗಳನ್ನು ಸರ್ಕಾರವು ತನ್ನದೇ ವೆಚ್ಚದಲ್ಲಿ ಭಾರತಕ್ಕೆ ಕಳುಹಿಸುತ್ತದೆ. ಹಾಗೆ ಬರುವವರಲ್ಲಿ ಕೆಲವರು ಸೇರುವುದು ವೆಲ್ಲೂರಿನ ಕ್ರೈಸ್ತ ಮಿಷನ್ನಿನ ಆಸ್ಪತ್ರೆಗೆ, ಅದು ಸರ್ಕಾರದ್ದಲ್ಲ!

ಬಾಂಗ್ಲಾದೇಶದಲ್ಲಿ ಸರ್ಕಾರದ ಕೈ ಚಿಕ್ಕದು. ರೋಗಿಯೇ ತನ್ನ ಜೇಬಿನಿಂದ ಹೆಚ್ಚಿನ ವೆಚ್ಚ ಭರಿಸಬೇಕು. ಆದರೂ ಅಲ್ಲಿ ಒಂದು ಅಪೂರ್ವ ಕಾರ್ಯ ನಡೆಯಿತು. 1972ರಲ್ಲಿ ಹುಟ್ಟಿದ ಬ್ರ್ಯಾಕ್ ಎಂಬ ಸೇವಾಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಮನೆಮನೆಗೆ ನಡೆದು, ವಾಂತಿಭೇದಿಯಾದ ಮಗುವಿಗೆ ಉಪ್ಪು, ಬೆಲ್ಲ, ನೀರು ಬೆರೆಸಿ ಕುಡಿಸುವುದನ್ನು ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು. ಚಿಟಿಕೆಯ ಉಪ್ಪೆಷ್ಟು, ಹಿಡಿಯ ಬೆಲ್ಲವೆಷ್ಟು ಎಂಬುದು ತಾಯಂದಿರಿಗೆ ಎಷ್ಟು ನೆನಪಿನಲ್ಲಿ ಉಳಿದಿದೆಯೆಂದು ಮರಳಿ ಹೋಗಿ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಾರ್ಯಕರ್ತೆಯರಿಗೆ ಸಂಬಳ ಕೊಡಲಾಗುತ್ತಿತ್ತು. ಪಾಠ ಹೇಳುವವರಿಗೆಲ್ಲ ಈ ಕ್ರಮ ತುಸು ಗಾಬರಿ ಹುಟ್ಟಿಸೀತು!

ಭಾರತವು ಆರಿಸಿಕೊಂಡದ್ದು ಸರ್ಕಾರಿ ದಾರಿಯನ್ನೇ. ಭೋರ್ ಸಮಿತಿಯು 1946ರಲ್ಲಿ ಸಲ್ಲಿಸಿದ ವರದಿಯು ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿತು. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲೂ ಗಿರಿಜನರ ಪ್ರದೇಶದಲ್ಲೂ 20,000 ಜನರಿಗೆ ಒಂದು ಕೇಂದ್ರವಿರಬೇಕೆಂಬುದು ನಿಯಮ. ಆದರೆ ಕಟ್ಟಡ ಎದ್ದಷ್ಟು ಸುಲಭವಾಗಿ ವೈದ್ಯರು ಹಳ್ಳಿಗೆ ಬರಲಿಲ್ಲ. ತೆರವಾದ ಜಾಗದಲ್ಲಿ ಖಾಸಗಿಯವರು ಬೆಳೆದರು.

ಖಾಸಗಿ ಎಂದೊಡನೆ ಲಾಭವೆಂದೇ ಅರ್ಥವಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯು ಹೆಂಗಸರ ಮತ್ತು ಮಕ್ಕಳ ಆರೈಕೆಗಾಗಿ 1906ರಲ್ಲಿ ಆರಂಭವಾಯಿತು. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಚಿಕಿತ್ಸೆ ಒಯ್ದು, ಸರಗೂರಿನಲ್ಲಿ ಆಸ್ಪತ್ರೆ ತೆರೆಯಿತು. ಇವು ಸರ್ಕಾರದವಲ್ಲ, ವ್ಯಾಪಾರದ ಅಂಗಡಿಗಳೂ ಅಲ್ಲ.

ಇತ್ತೀಚೆಗೆ ಕರ್ನಾಟಕವು ಎರಡನ್ನೂ ಬೆಸೆಯಲು ಯತ್ನಿಸಿದೆ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಮರುಜೀವ ಪಡೆಯಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುತ್ತದೆ. ತನ್ನಲ್ಲಿ ಆಗದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯೇ ಚೀಟಿ ಕೊಟ್ಟು ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತದೆ. ಆದುದರಿಂದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ವೈದ್ಯರಿರುವುದು ಮೊದಲಿಗಿಂತಲೂ ಅಗತ್ಯ.

ಹಾಡಿಯ ಆ ರಾತ್ರಿಗೆ ಮರಳಿದರೆ, 2008ರಲ್ಲಿ ಆರಂಭವಾದ 108 ವಾಹನವನ್ನು ಕರೆಯಬಹುದು, ಅದಕ್ಕೆ ಬಾಡಿಗೆಯಿಲ್ಲ. ಚಿಕಿತ್ಸೆಯ ಹಣವನ್ನೂ ಕಾರ್ಡು ತೆರುತ್ತದೆ. ಆದರೆ ಜೊತೆಗೆ ಹೋದವರ ಊಟ, ಮರಳಿ ಬರುವ ಬಸ್ಸಿನ ದುಡ್ಡು, ಹೊಗೆಸೊಪ್ಪಿನ ಹೊಲದಲ್ಲಿ ತಪ್ಪಿಹೋದ ಕೂಲಿ, ಇವು ಯಾವ ಕಾರ್ಡಿನಲ್ಲಿಯೂ ಸೇರಿಲ್ಲ.